ಒಂದೇ ಒಂದು ತಿನ್ಲಿ ಬಿಡಿ!

ಎಲ್ಲಿ, ನಿಮ್ಮ ಜೇಬು ಸ್ವಲ್ಪ ತೋರ್ಸಿ ನೋಡೋಣ. ನಾಚ್ಕೋಬೇಡಿ, ಇಲ್ಲಿರೋದು ನೀವೂ ನಾನೂ ಇಬ್ರೇ. ದಸರಾಕ್ಕೋ ಊಟಿಗೋ ಹೊರಟ ದಿನ ಆ ಜೇಬಲ್ಲಿ ಅರ್ಧ ಪ್ಯಾಕೆಟ್ ಗ್ಲೂಕೋಸ್ ಬಿಸ್ಕೆಟ್ ಇರುತ್ತೋ ಇಲ್ವೋ? ಬ್ಯಾಗಲ್ಲಿ ಎರಡು ಬಾಳೆಹಣ್ಣು? (ಅದರಲ್ಲೊಂದು ಕಪ್ಪಾಗಿದೆ. ಮನೇಲಿ ಯಾರೂ ಮುಟ್ಟಲಿಲ್ಲ ಅಂತ ತಂದದ್ದು ತಾನೇ? ನಿಜ ಹೇಳಿ.) ಯಾಕೆ ಅಂತ ಕೇಳಿದ್ರೆ, "ಕುದುರೆ ಸಿಕ್ರೆ ಕೊಡೋಣ ಅಂತ."

ಕುದುರೆ ಕಂಡ್ರೆ ಕಾಲುನೋವು ಅಂತ ಗಾದೆ ಕಟ್ಟಿದವರು ನಿಮ್ಮನ್ನ ನೋಡಿರಲಿಲ್ಲ. ನಿಮಗೆ ಕುದುರೆ ಕಂಡ್ರೆ ಕೈ ನವೆ. ಹತ್ತೋದು ಆಮೇಲಿನ ಮಾತು, ಮೊದಲು ಏನಾದ್ರೂ ತಿನ್ನಿಸ್ಬೇಕು. ಅದು ಸುಮ್ಮನೆ ನಿಂತಿದ್ರೆ ಪಾಪ ಹಸಿದಿದೆ ಅಂತೀರಿ, ಮೇಯ್ತಾ ಇದ್ರೆ ಪಾಪ ಬರೀ ಹುಲ್ಲು ತಿಂತಿದೆ ಅಂತೀರಿ. ಒಟ್ಟಲ್ಲಿ ಪಾಪ!

"ನಮ್ಮ ಪೊನ್ನಂಪೇಟೇಲಿ ಕುದುರೆ ಎಲ್ಲಿದೆ ಮಾರಾಯ್ರೇ?" ಅಂತೀರಾ? ಒಪ್ಪಿದೆ. ಇಲ್ಲಿ ಹಾಕಿ ಟರ್ಫ್ ಇದೆ, ಆಶ್ರಮ ಇದೆ, ಫಾರೆಸ್ಟ್ರಿ ಕಾಲೇಜಿದೆ. ನಾಲ್ಕು ಕಾಲಿನ ದೊಡ್ಡ ಪ್ರಾಣಿ ಬೇಕು ಅಂತ ಹುಡುಕಿದ್ರೆ ಸಿಗೋದು ಆನೆ. (ಹುಡುಕದೇ ಇದ್ರೂ ಸಿಗುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ತೋಟದಲ್ಲಿ ಬಾಳೆ ಇರಲ್ಲ.)

ಆದ್ರೆ ತಿತಿಮತಿ, ಹುಣಸೂರು ದಾಟಿದ್ರೆ ಮೈಸೂರು. ಕುಟ್ಟದ ಕಡೆಯಿಂದ ವಯನಾಡಿಗೆ ಇಳಿದು ಮತ್ತೆ ಘಾಟಿ ಹತ್ತಿದ್ರೆ ಊಟಿ. ಎರಡೂ ಕಡೆ ಕುದುರೆ ಉಂಟು, ರಜೆ ಬಂದ್ರೆ ಎರಡೂ ಕಡೆ ನೀವೂ ಉಂಟು. ಇನ್ನು ನಮ್ಮಲ್ಲೇ ಯಾವ ಹೋಮ್‌ಸ್ಟೇ ಓನರಿಗೆ ಯಾವಾಗ ಕುದುರೆ ಹುಚ್ಚು ಹಿಡಿಯುತ್ತೋ ಹೇಳಕ್ಕಾಗಲ್ಲ. ಅದಕ್ಕೇ ಮೊದಲೇ ಮಾತಾಡಿಬಿಡೋಣ.

ಅಸಲಿಗೆ ಈ ಕಾಯಿಲೆ ಶುರುವಾಗೋದು ಕುದುರೆ ಲಾಯದಲ್ಲಲ್ಲ, ನಿಮ್ಮನೆ ಊಟದ ಮೇಜಲ್ಲಿ. ನೆಂಟರು ಸಾಕು ಅಂತ ಎರಡೂ ಕೈ ಅಡ್ಡ ಹಿಡಿದಿರ್ತಾರೆ. ಬೆರಳ ಸಂದಿಯಿಂದ ಒಂದು ಕಡಂಬುಟ್ಟು ಆಗಲೇ ತಟ್ಟೆಗೆ ಬಿದ್ದಾಗಿರುತ್ತೆ. "ಒಂದೇ ಒಂದು!" ಅಂತೀರಿ. ಅವರು ತಿಂದ್ರೆ ನಿಮಗೆ ತೃಪ್ತಿ, ತಿನ್ನದಿದ್ರೆ ನಿಮಗೆ ಅವಮಾನ. ಅವರ ಹೊಟ್ಟೆ ಸಂಗತಿ ಕೇಳಿದವರುಂಟಾ?

ನೆಂಟರಾದ್ರೆ ಸಂಜೆ ತೋಟದಲ್ಲಿ ಒಂದು ರೌಂಡ್ ಹಾಕಿ, ಜೀರಿಗೆ ಕಷಾಯ ಕುಡಿದು ಸುಧಾರಿಸ್ಕೊಳ್ತಾರೆ. ತೀರಾ ಕಷ್ಟ ಆದ್ರೆ ವಾಂತಿ ಮಾಡ್ಕೊಂಡು ಹಗುರಾಗ್ತಾರೆ. ಕುದುರೆಗೆ ಆ ಭಾಗ್ಯ ಇಲ್ಲ ಸ್ವಾಮಿ. ಕುದುರೆಗೆ ವಾಂತಿ ಬರಲ್ಲ. ಜಠರದ ಬಾಯಿ ಅಷ್ಟು ಬಿಗಿ. ಒಳಗೆ ಹೋಯ್ತು ಅಂದ್ರೆ ಹೋಯ್ತು, ಇನ್ನು ಹಿಂಬಾಗಿಲೇ ಗತಿ.

ಇನ್ನೊಂದು ವಿಚಿತ್ರ ಕೇಳಿ. ನಾಲ್ಕೈದು ಕ್ವಿಂಟಲ್ ತೂಗೋ ಪ್ರಾಣಿ, ಅದರ ಜಠರ ಹಿಡಿಸೋದು 8ರಿಂದ 15 ಲೀಟರ್. ನಿಮ್ಮ ಬಚ್ಚಲುಮನೆ ಬಕೆಟ್ ಅದಕ್ಕಿಂತ ದೊಡ್ಡದಿರುತ್ತೆ. ದಿನವಿಡೀ, ರಾತ್ರಿಯೂ ಒಂದಷ್ಟು ಹೊತ್ತು, ಚೂರು ಚೂರೇ ಹುಲ್ಲು ಮೇಯ್ತಾ ಇರೋಕೆ ಮಾಡಿಟ್ಟ ಹೊಟ್ಟೆ ಅದು. ಮುಖ್ಯ ಕಾರ್ಖಾನೆ ಇರೋದು ಹಿಂದೆ, ದೊಡ್ಡ ಕರುಳಲ್ಲಿ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕೂತ್ಕೊಂಡು ನಾರನ್ನ ಹುದುಗಿಸ್ತಾ ಇರ್ತವೆ.

ಅವುಗಳ ತಲೆ ಮೇಲೆ ನೀವು ಬ್ರೆಡ್ಡು, ಬಿಸ್ಕೆಟ್ಟು, ಕೇಕು ಸುರಿದ್ರೆ ಏನಾಗುತ್ತೆ? ಗ್ಯಾಸು. ಆಮೇಲೆ ಹೊಟ್ಟೆನೋವು. ಲಾಯದವರು ಕಾಲಿಕ್ ಅಂತಾರೆ, ಆ ಮಾತು ಕೇಳಿದ್ರೇ ಅವರ ಮುಖ ಸಣ್ಣಗಾಗುತ್ತೆ. ಕುದುರೆ ಕಾಲಲ್ಲಿ ನೆಲ ಕೆರೆಯುತ್ತೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡ್ಕೊಳ್ಳುತ್ತೆ, ಬಿದ್ದು ಹೊರಳುತ್ತೆ. ಪ್ರಾಣ ಹೋಗೋದೂ ಉಂಟು. (ಬಿಸ್ಕೆಟ್ ಕೊಟ್ಟ ನೀವು ಅಷ್ಟೊತ್ತಿಗೆ ಬೊಟಾನಿಕಲ್ ಗಾರ್ಡನ್ನಲ್ಲಿ ಸೆಲ್ಫಿ ತೆಗೀತಿರ್ತೀರಿ.)

"ನಾನು ಕೊಟ್ಟದ್ದು ಒಂದೇ ಒಂದು ಅಲ್ವಾ" ಅಂತ ಶುರುಮಾಡ್ಬೇಡಿ ಮತ್ತೆ. ಊಟಿ ಕೆರೆ ಹತ್ರ ಸವಾರಿಗೆ ನಿಂತ ತಟ್ಟುವಿನ ಲೆಕ್ಕ ಹಾಕಿ. ನಿಮಗಿಂತ ಮುಂಚೆ ಬಂದವರು ಕೊಟ್ಟದ್ದೂ ಒಂದೇ. ನಿಮ್ಮ ಹಿಂದೆ ಐಸ್‌ಕ್ರೀಮ್ ನೆಕ್ಕುತ್ತಾ ನಿಂತ ಫ್ಯಾಮಿಲಿ ಕೊಡೋದೂ ಒಂದೇ. ಭಾನುವಾರ ಸಂಜೆ ಹೊತ್ತಿಗೆ ಎಷ್ಟು ಒಂದೇ ಒಂದು ಆಯ್ತು? ಎಲ್ಲರೂ ಮಿತವಾಗೇ ಕೊಟ್ಟಿದ್ದಾರೆ, ತಟ್ಟು ಮಾತ್ರ ಅಮಿತವಾಗಿ ತಿಂದಿದೆ.

ತಟ್ಟುಗಳ ಕಥೆ ಇನ್ನೂ ಸೂಕ್ಷ್ಮ. ಬಡ ಹುಲ್ಲಲ್ಲೇ ಬದುಕಿ ಒಗ್ಗಿದ ಜಾತಿ, ಗಾಳಿ ಕುಡಿದ್ರೂ ದಪ್ಪಗಾಗ್ತವೆ. (ನಿಮ್ಮ ಮನೇಲೂ ಒಬ್ಬರು ಹಾಗೇ ಹೇಳ್ಕೊಂಡು ಓಡಾಡ್ತಾರಲ್ಲ.) ಸಿಹಿ ಜಾಸ್ತಿಯಾದ್ರೆ ಏಟು ಬೀಳೋದು ಕಾಲಿಗೆ. ಗೊರಸಿನ ಒಳಗೆ ಉರಿಯೂತ ಬಂದು, ಗೊರಸನ್ನೂ ಮೂಳೆಯನ್ನೂ ಹಿಡಿದಿಟ್ಟ ಪದರ ಸಡಿಲಾಗುತ್ತೆ. ಲ್ಯಾಮಿನೈಟಿಸ್ ಅಂತಾರೆ. ನಿಂತೇ ಬದುಕೋ ಪ್ರಾಣಿಗೆ ನಿಲ್ಲೋದೇ ನರಕ. ನಿಮಗೆ ಡಾಕ್ಟ್ರು ಬೆಲ್ಲ ಬಿಡಿಸಿದ್ರು ಅಂತ ಆ ಆಸೇನ ತಟ್ಟುವಿನ ಬಾಯಲ್ಲಿ ತೀರಿಸ್ಕೊಳ್ಳೋದಾ?

ಮತ್ತೊಂದು ಗುಟ್ಟು, ಇದು ನಮ್ಮ ಕಡೆಯವರಿಗೇ ಸ್ಪೆಷಲ್. ನಾವು ಆನೆ ನೋಡಿ ಬೆಳೆದವರು. ಮತ್ತಿಗೋಡು ಕ್ಯಾಂಪಲ್ಲಿ ರಾಗಿಮುದ್ದೆ ನುಂಗೋದು ನೋಡಿದ್ದೀವಿ. ದಸರಾ ಆನೆಗಳಿಗೆ ಹುಲ್ಲಲ್ಲಿ ಭತ್ತ, ಬೆಲ್ಲ, ತೆಂಗಿನಕಾಯಿ ಸುತ್ತಿ ಕುಸುರೆ ಕಟ್ಟಿ ಬಾಯಿಗಿಡೋದೂ ನೋಡಿದ್ದೀವಿ. ಅದೇ ಕೈಯಳತೆ ಕುದುರೆ ಮುಂದೆ ತೆಗೀತೀರಿ. ಆನೆಗೆ ಅದು ಬಾಯಿರುಚಿ, ಕುದುರೆಗೆ ಎಮರ್ಜೆನ್ಸಿ.

ಸರಿ, ನಮ್ಮೂರ ಬುಟ್ಟಿಯಲ್ಲಿ ಏನೇನಿದೆ ನೋಡೋಣ. ಬಟರ್ ಫ್ರೂಟ್! ಮನೆಗೊಂದು ಮರ, ಮಳೆಗಾಲದಲ್ಲಿ ಯಾರಿಗೆ ಕೊಡೋದು ಅಂತಾನೇ ತಲೆನೋವು. ದಯವಿಟ್ಟು ಕುದುರೆಗೆ ಮಾತ್ರ ಬೇಡ. ಅದರ ಎಲೆ, ತೊಗಟೆ, ಬೀಜ, ಸಿಪ್ಪೆ ಕುದುರೆಗೆ ವಿಷ. ಮೂತಿ ಊದಿಸುತ್ತೆ, ಹೃದಯಕ್ಕೂ ಪೆಟ್ಟು. ಹೋಮ್‌ಸ್ಟೇಗೆ ಕುದುರೆ ತರೋ ಮಹನೀಯರು ಮೊದಲು ಬೇಲಿ ಪಕ್ಕದ ಮರ ಯಾವುದು ಅಂತ ಕತ್ತೆತ್ತಿ ನೋಡಿ.

ಆ ಹೋಮ್‌ಸ್ಟೇಯ ಲಾನ್ ಇದೆಯಲ್ಲ, ಮೆಷಿನ್ನಲ್ಲಿ ಕತ್ತರಿಸಿದ ಹುಲ್ಲು ರಾಶಿ ಬಿದ್ದಿರುತ್ತೆ. ಹುಲ್ಲೇ ತಾನೇ, ಕುದುರೆ ತಿನ್ಲಿ, ಅಂತ ಯಾರಿಗಾದ್ರೂ ಅನ್ಸುತ್ತೆ. ಅಲ್ಲೇ ಮೋಸ. ಸಣ್ಣಗೆ ಕತ್ತರಿಸಿ ಒಟ್ಟಿದ ಹಸಿ ಹುಲ್ಲು ಒಳಗೊಳಗೇ ಬಿಸಿಯಾಗಿ ಹುಳಿಯಕ್ಕೆ ಶುರು. ಜಗಿಯೋ ಕೆಲಸವೂ ಇಲ್ಲ, ಕುದುರೆ ಗಬಗಬ ನುಂಗುತ್ತೆ. ನೆಲದಲ್ಲಿ ನಿಂತ ಹುಲ್ಲು ಊಟ, ರಾಶಿ ಬಿದ್ದ ಹುಲ್ಲು ಕಾಯಿಲೆ. ಎಲೆಕೋಸು, ಹೂಕೋಸಿನ ದಂಟು ಕೂಡ ಬೇಡ, ಅದರ ಗ್ಯಾಸಿನ ಮಹಿಮೆ ನಿಮಗೇ ಗೊತ್ತು.

ಇನ್ನು ಕಾಫಿ. ಕೊಡಗಿನವರ ಜೇಬಲ್ಲಿ ಕಾಫಿ ಬೀಜ ಇಲ್ಲದಿದ್ರೂ ವಾಸನೆಯಂತೂ ಇರುತ್ತೆ. ಆದ್ರೆ ರೇಸ್ ಕುದುರೆಗೆ ಕೆಫೀನ್ ನಿಷೇಧ, ಟೆಸ್ಟಲ್ಲಿ ಸಿಕ್ಕಿದ್ರೆ ಕಥೆ ಮುಗೀತು. ಚಾಕ್ಲೇಟಲ್ಲಿರೋ ಥಿಯೋಬ್ರೋಮಿನ್ನೂ ಅದೇ ಪಟ್ಟಿಯಲ್ಲಿದೆ. 1979ರಲ್ಲಿ ಇಂಗ್ಲೆಂಡಲ್ಲಿ ನೋ ಬಾಂಬ್ಸ್ ಅನ್ನೋ ಕುದುರೆ ರೇಸ್ ಗೆದ್ದೂ ಡಿಸ್‌ಕ್ವಾಲಿಫೈ ಆಯ್ತು. ಯಾಕೆ ಗೊತ್ತಾ? ನೋಡ್ಕೊಳ್ತಿದ್ದ ಹುಡುಗನ ಕೈಲಿದ್ದ ಮಾರ್ಸ್ ಚಾಕ್ಲೇಟ್ ಕಿತ್ಕೊಂಡು ತಿಂದಿತ್ತು!

ಈಗ ಮಡಿಕೇರಿಯಿಂದ ಊಟಿವರೆಗೆ ಅಂಗಡಿಗೊಂದು ಹೋಮ್‌ಮೇಡ್ ಚಾಕ್ಲೇಟ್ ಬೋರ್ಡು ನೇತಾಡ್ತಿದೆ. ಕಾಲು ಕಿಲೋ ಕಟ್ಟಿಸ್ಕೊಂಡು ಈಚೆ ಬಂದ ನಿಮ್ಮ ಎದುರಿಗೇ ಕುದುರೆ. ಕೈ ಸುಮ್ಮನಿರುತ್ತಾ? (ಮಗು ಕೇಳಿದ್ರೆ ಮಾತ್ರ, "ಊಟ ಆದ್ಮೇಲೆ" ಅಂತ ಗದರಿಸಿದ್ರಿ ಆಗಲೇ.) ಸವಾರಿ ತಟ್ಟುವಿಗೆ ಯಾರೂ ಟೆಸ್ಟ್ ಮಾಡಲ್ಲ ನಿಜ. ಹಾಗಂತ ಅದರ ಹೊಟ್ಟೆ ಬೇರೆ ಸಾಮಾನಿನಿಂದ ಮಾಡಿದ್ದಲ್ಲ.

"ಹಾಗಾದ್ರೆ ಏನ್ ಕೊಡೋದು? ಎಲ್ಲದಕ್ಕೂ ಬೇಡ ಬೇಡ ಅಂತೀರಲ್ಲ!" ಸಿಟ್ಟು ಬಂತಾ? ತಡೀರಿ, ಒಂದು ಖುಷಿ ಸುದ್ದಿ ಇಟ್ಟಿದ್ದೀನಿ. 2005ರಲ್ಲಿ ಇಂಗ್ಲೆಂಡಿನ ಸಂಶೋಧಕರು 8 ಕುದುರೆಗಳ ಮುಂದೆ 15 ರುಚಿಗಳನ್ನ ಇಟ್ಟು ಯಾವುದು ಇಷ್ಟ ಅಂತ ನೋಡಿದ್ರು. ಫಸ್ಟ್ ಬಂದದ್ದು ಕ್ಯಾರೆಟ್ ಅಂದ್ಕೊಂಡ್ರಾ? ಕ್ಯಾರೆಟ್ಟಿಗೆ ಆರನೇ ಸ್ಥಾನ. ಫಸ್ಟ್ ರ್‍ಯಾಂಕ್ ಮೆಂತ್ಯಕ್ಕೆ! ಎರಡನೇದು ಬಾಳೆಹಣ್ಣು. ಜೀರಿಗೆ ಕೂಡ ಕ್ಯಾರೆಟ್ಟಿಗಿಂತ ಮುಂದೆ.

ನಗ್ತೀರಾ? ಮೆಂತ್ಯ, ಜೀರಿಗೆ, ಬಾಳೆಹಣ್ಣು. ನಿಮ್ಮ ಅಡುಗೆಮನೆ ಡಬ್ಬಿಗಳೇ ಅಲ್ವಾ? ಕುದುರೆಗೆ ಇಂಪೋರ್ಟೆಡ್ ಟ್ರೀಟ್ ಬೇಕು ಅಂತ ಆನ್‌ಲೈನಲ್ಲಿ ಸೇಬಿನ ಫ್ಲೇವರ್ ಉಂಡೆ ಹುಡುಕ್ತಾ ಕೂತಿದ್ರಿ. (ಮನೆ ಮಕ್ಕಳು ಮೆಂತ್ಯ ಸೊಪ್ಪಿನ ಪಲ್ಯ ನೋಡಿ ಮೂಗು ಮುರೀತಾರೆ. ಇನ್ನು ಮೇಲೆ ಕುದುರೆ ಉದಾಹರಣೆ ಕೊಡಬಹುದು, ಪ್ರಯೋಜನ ಆಗಲ್ಲ.) ಆದ್ರೆ ಆ ಸಂಶೋಧಕರು ಇಟ್ಟದ್ದು ಮೇವಿಗೆ ಬೆರೆಸಿದ ಚಿಟಿಕೆ ಪರಿಮಳ. ಅರ್ಧ ಕಿಲೋ ಮೆಂತ್ಯ ಹಿಡ್ಕೊಂಡು ಹೊರಡ್ಬೇಡಿ.

ಕ್ಯಾರೆಟ್ ಕೆಟ್ಟದ್ದೇನಲ್ಲ, ಕೊಡಿ. ಆದ್ರೆ ಹೇಗೆ ಹೆಚ್ತೀರಿ ಹೇಳಿ? ಗುಂಡಗುಂಡಗೆ, ಸಾಂಬಾರಿಗೆ ಹೆಚ್ಚಿದ ಹಾಗೆ. ಅಲ್ಲೇ ತಪ್ಪೋದು. ಆ ಬಿಲ್ಲೆಗಳು ಗಂಟಲಲ್ಲಿ ಹೋಗಿ ಕೂರೋ ಅಪಾಯ ಇದೆ. ಉದ್ದುದ್ದ ಸೀಳಿ, ಬೆರಳಿನ ಹಾಗೆ. ಆಗ ಜಗಿದೇ ನುಂಗ್ಬೇಕಾಗುತ್ತೆ. ಸೇಬು ಇಡಿಯಾಗಿ ಬೇಡ, ಹೋಳು ಮಾಡಿ. ಕೊಡಗಿನ ಕಿತ್ತಳೆ ಇದ್ರೆ ಒಂದೆರಡು ತೊಳೆ, ಬೀಜ ತೆಗೆದು. (ಸಿಕ್ಕಿದ್ರೆ. ಈಗ ಕಿತ್ತಳೆಯೇ ನಮಗೆ ಸಿಗೋದು ಕಷ್ಟ.) ಎಲ್ಲ ಸೇರಿ ದಿನಕ್ಕೆ ಒಂದೆರಡು ಹಿಡಿ, ಅದೂ ಎಲ್ಲರ ಕೈಯೂ ಸೇರಿ.

ಕೊಡೋ ಭಂಗಿ ಇನ್ನೂ ಚಂದ ನಿಮ್ಮದು. ಬೆರಳ ತುದಿಯಲ್ಲಿ ಚೂರು ಹಿಡಿದು, ಮೈಯೆಲ್ಲ ಒಂದು ಮಾರು ಹಿಂದಕ್ಕೆ, ಮುಖ ಕ್ಯಾಮರಾ ಕಡೆಗೆ. ಕುದುರೆ ಬಾಯಿ ತೆರೆದ ಕೂಡಲೇ "ಅಯ್ಯೋ!" ಅಂತ ಕೈ ಎಳ್ಕೊಳ್ತೀರಿ. ಅದು ಮತ್ತೆ ಕತ್ತು ಚಾಚುತ್ತೆ. ನೀವು ಮತ್ತೆ ಅಯ್ಯೋ. ಹೀಗೆ ಆಡಿಸಿ ಆಡಿಸಿ ಕೊನೆಗೆ ಬೆರಳು ಕಚ್ಚಿಸ್ಕೊಂಡು, "ಈ ಕುದುರೆ ಡೇಂಜರ್" ಅಂತ ತೀರ್ಪು ಬೇರೆ.

ಅದಕ್ಕೆ ನಿಮ್ಮ ಬೆರಳು ಕಾಣಲ್ಲ ಸ್ವಾಮಿ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ. ಸುತ್ತಮುತ್ತ ಹೆಚ್ಚುಕಮ್ಮಿ ಎಲ್ಲ ಕಾಣುತ್ತೆ, ಮೂತಿಯ ಕೆಳಗಿನದ್ದು ಮಾತ್ರ ಕಾಣಲ್ಲ. ಅಲ್ಲಿ ಕೆಲಸ ಮಾಡೋದು ತುಟಿ, ಮೀಸೆ. ಅಂಗೈ ಚಪ್ಪಟೆಯಾಗಿ ಚಾಚಿ, ಹೆಬ್ಬೆರಳನ್ನೂ ಪಕ್ಕಕ್ಕೆ ಒತ್ತಿ ಹಿಡೀರಿ. ನಡುವೆ ಒಂದು ಸೀಳು ಕ್ಯಾರೆಟ್. ಅಲ್ಲಾಡ್ಬೇಡಿ.

ಮೊದಲು ಬಿಸಿ ಉಸಿರು ಬರುತ್ತೆ. ಆಮೇಲೆ ಮೂತಿಯ ಒರಟು ಕೂದಲು ಅಂಗೈಯನ್ನ ಸವರಿ ಸವರಿ ನೋಡುತ್ತೆ. ಮೇಲ್ದುಟಿ ಅನ್ನೋದು ಆ ಕಡೆ ಈ ಕಡೆ ಆಡ್ತಾ ಕ್ಯಾರೆಟ್ಟನ್ನ ತಡಕಿ, ಮೆಲ್ಲಗೆ ಒಳಕ್ಕೆ ಎಳ್ಕೊಳ್ಳುತ್ತೆ. ಹಲ್ಲು ನಿಮಗೆ ತಗಲೋದೇ ಇಲ್ಲ. ದವಡೆ ಪಕ್ಕಕ್ಕೆ ಅರೆದು ಅರೆದು ಕರಕರ ಶಬ್ದ. ಕೊನೆಗೆ ಅಂಗೈಯಲ್ಲಿ ಉಳಿಯೋದು ಹಸಿರು ಬಣ್ಣದ ಒಂದಿಷ್ಟು ಜೊಲ್ಲು. (ಒರೆಸ್ಕೊಳ್ಳೋಕೆ ಪಕ್ಕದವರ ಸೆರಗು ಹುಡುಕ್ಬೇಡಿ.)

ಅದಕ್ಕೂ ಮುಂಚೆ ಒಂದು ಕೆಲಸ ಇತ್ತು, ಮರೆತ್ರಿ. ಕುದುರೆಯವನನ್ನ ಕೇಳಿದ್ರಾ? ಕೇಳಲ್ಲ. ಯಾಕೆಂದ್ರೆ ಅವನು ಬೇಡ ಅಂದುಬಿಟ್ರೆ! ಅವನು ಅತ್ತ ತಿರುಗಿದ್ದನ್ನ ನೋಡ್ಕೊಂಡು ಇತ್ತ ಕೊಡ್ತೀರಿ, ಕಳ್ಳಬಟ್ಟಿ ಸಾಗಿಸೋರ ಹಾಗೆ. ಕುದುರೆಗೆ ಮೊನ್ನೆ ಹೊಟ್ಟೆ ಕೆಟ್ಟಿತ್ತೋ, ಹಲ್ಲು ನೋವಿದೆಯೋ, ಔಷಧಿ ನಡೀತಿದೆಯೋ, ನಿಮಗೇನು ಗೊತ್ತು? ಜಂಬೂಸವಾರಿ ದಿನವಂತೂ ಕೇಳ್ಬೇಡಿ. ಮೈಸೂರಿನ ಅಶ್ವಾರೋಹಿ ಪೊಲೀಸರು ಸಾಲಾಗಿ ನಿಂತಿದ್ರೆ, ಬ್ಯಾರಿಕೇಡ್ ಮೇಲಿಂದ ಯಾರದೋ ಕೈ ಖಾರ ಹಚ್ಚಿದ ಜೋಳದ ತೆನೆ ಚಾಚ್ತಾ ಇರುತ್ತೆ. ಕುದುರೆ ಡ್ಯೂಟಿಯಲ್ಲಿದೆ, ಬಾಯಲ್ಲಿ ಲಗಾಮಿದೆ, ನಿಮ್ಮ ಮಸಾಲೆ ಜೋಳಕ್ಕೆ ಅಲ್ಲೇನು ಕೆಲಸ?

ಕೈಯಲ್ಲೇ ಕೊಟ್ಟು ಕೊಟ್ಟು ಅಭ್ಯಾಸ ಮಾಡಿಸಿದ ಕುದುರೆ ಏನು ಕಲಿಯುತ್ತೆ ಗೊತ್ತಾ? ಮನುಷ್ಯ ಅಂದ್ರೆ ಜೇಬು, ಜೇಬು ಅಂದ್ರೆ ತಿಂಡಿ. ಮುಂದಿನ ಸಲ ಮೂತಿಯಿಂದ ಗುದ್ದಿ ತಡಕುತ್ತೆ, ಸಿಗದಿದ್ರೆ ಶರ್ಟಿನ ಸಮೇತ ಕಚ್ಚುತ್ತೆ. ಎರಡು ಮೂರು ಕುದುರೆ ಒಂದೇ ಬೇಲಿಯೊಳಗಿದ್ದು ನೀವು ಹೊರಗಿಂದ ಒಂದಕ್ಕೇ ಕೊಟ್ರೆ, ಒಳಗೆ ಒದೆದಾಟ. ಅವುಗಳಲ್ಲೂ ಯಜಮಾನ್ತಿ, ಸೊಸೆ ಅಂತ ಲೆಕ್ಕ ಇದೆ. ಕೊಡಲೇಬೇಕಾದ್ರೆ ಬಕೆಟ್ಟಿಗೆ ಹಾಕಿ ಕೊಡೋದು ವಾಸಿ. ಆದ್ರೆ ಬಕೆಟ್ಟಿಗೆ ಹಾಕಿದ್ರೆ ಫೋಟೋ ಬರಲ್ಲ, ಅಲ್ವಾ? ಸಿಕ್ಕಿಬಿದ್ರಿ!

ಅಲ್ಲ, ನಿಜಕ್ಕೂ ಅದಕ್ಕೆ ಖುಷಿ ಕೊಡ್ಬೇಕಾ? ಖರ್ಚೇ ಇಲ್ಲದ ದಾರಿ ಇದೆ. ಜೂಲು ಮುಗಿದು ಬೆನ್ನು ಶುರುವಾಗೋ ದಿಬ್ಬದ ಹತ್ರ, ಕುದುರೆಗಳು ಒಂದಕ್ಕೊಂದು ಹಲ್ಲಲ್ಲಿ ಕೆರೆದು ಕೊಡ್ತಾವಲ್ಲ ಅದೇ ಜಾಗ, ಬೆರಳಲ್ಲಿ ಚೆನ್ನಾಗಿ ಕೆರೀರಿ. 1993ರಲ್ಲಿ ಫ್ರಾನ್ಸಿನಲ್ಲಿ ಹೃದಯ ಬಡಿತ ಅಳೆದೇ ನೋಡಿದ್ದಾರೆ, ಅಲ್ಲಿ ಕೆರೆದ್ರೆ ಬಡಿತ ಇಳಿಯುತ್ತೆ. ಕತ್ತು ಉದ್ದ ಚಾಚಿ, ಮೇಲ್ದುಟಿ ಸೊಟ್ಟ ಮಾಡ್ಕೊಂಡು, ಕಣ್ಣು ಅರೆಮುಚ್ಚಿ ನಿಂತುಬಿಡುತ್ತೆ.

ನೀವು ಮಾಡಲ್ಲ ಬಿಡಿ. ಕೆರೆಯೋಕೆ ಹತ್ತು ನಿಮಿಷ ನಿಲ್ಬೇಕು, ಕೈಗೆ ಧೂಳು, ಕೂದಲು, ವಾಸನೆ. ಬಿಸ್ಕೆಟ್ ಆದ್ರೆ ಹತ್ತು ಸೆಕೆಂಡಲ್ಲಿ ಪ್ರೀತಿ ಸಂಪಾದನೆ. "ನೋಡಿ, ಅದಕ್ಕೆ ನಾನಂದ್ರೆ ಎಷ್ಟು ಇಷ್ಟ!" ಅಂತ ಕಾರಲ್ಲಿ ಹುಣಸೂರು ಬರೋವರೆಗೂ ಹೇಳಬಹುದು. (ಹಿಂದಿನ ಸೀಟಲ್ಲಿದ್ದವರು ಗೋಣಿಕೊಪ್ಪದವರೆಗೂ ಕೇಳ್ಬೇಕು, ಅದು ಬೇರೆ ಮಾತು.)

ಹಾಂ, ಪೊನ್ನಂಪೇಟೇಲಿ ಕುದುರೆ ಇಲ್ಲ ಅಂದ್ರಲ್ಲ, ಅದು ಪೂರ್ತಿ ನಿಜ ಅಲ್ಲ. ನಮ್ಮ ಪಕ್ಕದಲ್ಲೇ ಕುಂದ ಬೆಟ್ಟ ಇದೆ. ತುಲಾ ಸಂಕ್ರಮಣದ ಆಸುಪಾಸಲ್ಲಿ, ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ಬೋಡ್ ನಮ್ಮೆ, ಅಂದ್ರೆ ಬೇಡೋ ಹಬ್ಬ. ಬಿದಿರು, ಬಟ್ಟೆಯಲ್ಲಿ ಕಟ್ಟಿದ ಕುದುರೆಯನ್ನ ಹೊತ್ತು ಕುಣೀತಾ ಬೆಟ್ಟ ಹತ್ತುತ್ತಾರೆ. ಕೊಡಗಿನ ಬೋಡ್ ನಮ್ಮೆಗಳ ಸಾಲು ಕುಂದದ ಕುದುರೆಯಿಂದ ಹೊರಟು ಪಾರಾಣದಲ್ಲಿ ಮುಗಿಯುತ್ತೆ ಅಂತ ನಮ್ಮ ಹಿರಿಯರ ಲೆಕ್ಕ.

ಈ ಕುದುರೆಗೆ ಕಾಲಿಕ್ ಬರಲ್ಲ, ಗೊರಸು ನೋಯಲ್ಲ, ಚಾಕ್ಲೇಟ್ ಕೊಟ್ರೂ ಡಿಸ್‌ಕ್ವಾಲಿಫೈ ಆಗಲ್ಲ. ಬಾಯಾರಿಕೆ ಆಗೋದು ಹೊತ್ತ ಮನುಷ್ಯನಿಗೆ, ಅವನನ್ನ ಒಂದು ಲೋಟ ನೀರು ಬೇಕಾ ಅಂತ ಕೇಳಿದ್ರೆ ಸಾಕು. (ಊಟಿಯಲ್ಲಿ ಬಿಸಿಲಲ್ಲಿ ಲಗಾಮು ಹಿಡಿದು ನಿಂತವನನ್ನ ಚಾ ಆಯ್ತಾ ಅಂತ ಕೇಳಿದ್ರಾ? ಇಲ್ಲ ತಾನೇ?)

ಆಮೇಲೆ ಆ ಹಬ್ಬದ ವೇಷದವರು ಮನೆಮನೆಗೆ ಬೇಡೋಕೆ ಬರ್ತಾರೆ. ಮುಖಕ್ಕೆ ಮಸಿ, ಮೈಗೆ ಸೀರೆ, ಸೊಂಟಕ್ಕೆ ಹುಲ್ಲು, ಒಬ್ಬೊಬ್ಬರದು ಒಂದೊಂದು ಅವತಾರ. ಅವರಿಗೆ ನಿಮ್ಮ ಕ್ಯಾರೆಟ್ಟೂ ಬೇಡ, ಮೆಂತ್ಯವೂ ಬೇಡ. ನೋಟು ಬೇಕು. ಊಟಿಯಲ್ಲಿ ಅಷ್ಟು ಧಾರಾಳವಾಗಿದ್ದ ಕೈ ಆಗ ಮಾತ್ರ ಜೇಬಿನ ಹೊರಗೇ ಸವರ್ಕೊಳ್ತಾ ನಿಂತುಬಿಡುತ್ತೆ. "ಚಿಲ್ಲರೆ ಇಲ್ವಲ್ಲಪ್ಪಾ" ಅಂತೀರಿ. ಈ ವರ್ಷ ಸ್ವಲ್ಪ ಹುಷಾರು. ಸೀರೆ ಉಟ್ಟ ಮೀಸೆಯವನೊಬ್ಬ ಸೆರಗಿನ ಒಳಗಿಂದ ಕ್ಯೂಆರ್ ಕೋಡ್ ತೆಗೆದು ಮುಂದೆ ಹಿಡಿದ್ರೆ ಏನು ಹೇಳ್ತೀರಿ? ನೆಟ್‌ವರ್ಕ್ ಇಲ್ಲ ಅಂತಲಾ?